ಮುದ್ದಯ್ಯನ ತುತ್ತು

ನಮ್ಮೂರಿಗೆ ಹೊಸದಾಗಿ ಬಂದವರು ಮೊದಲ ದಿನ ಹೆದರಿಬಿಡುತ್ತಾರೆ. ಬಸ್ಸಿನ ಮೆಟ್ಟಿಲು ಇಳಿಯುವ ಮೊದಲೇ ನಾಲ್ಕು ಜನ ಕೈಹಿಡಿದು, ‘ನಮ್ಮನೆಗೆ ಬನ್ನಿ, ಒಂದೇ ಒಂದು ತುತ್ತು’ ಎಂದು ಎಳೆಯುತ್ತಾರೆ. ಇದ್ಯಾವುದೋ ಕಳ್ಳರ ಊರಿರಬೇಕು ಎಂದು ಅವರು ಚೀಲವನ್ನು ಎದೆಗೆ ಅವುಚಿಕೊಳ್ಳುತ್ತಾರೆ. ಪಾಪ, ಅವರಿಗೇನು ಗೊತ್ತು? ನಮ್ಮೂರಿನ ಒಲೆಯ ಮೇಲೆ ಬೆಂದ ಅಡುಗೆಗೆ, ಆ ಮನೆಯವರಲ್ಲದವರು ಒಬ್ಬರು ತುತ್ತು ತಿನ್ನುವ ತನಕ ಉಪ್ಪು ಹತ್ತುವುದಿಲ್ಲ. ಚಿಟಿಕೆ ಹಾಕಿ, ಹಿಡಿ ಹಾಕಿ, ಸಾರು ಸಪ್ಪೆಯೇ. ಹೊರಗಿನವರ ಬಾಯಿಗೆ ಒಂದು ತುತ್ತು ಹೋಯಿತೋ, ಇಡೀ ಪಾತ್ರೆಗೆ ಹದವಾಗಿ ಉಪ್ಪು ಹಿಡಿಯುತ್ತದೆ. ನಮ್ಮಜ್ಜಿಯ ಕಾಲದಲ್ಲೂ ಹೀಗೆಯೇ ಇತ್ತಂತೆ. ಅವಳಿಗೂ ಇದರಲ್ಲಿ ಹೇಳಿಕೊಳ್ಳುವಂಥದ್ದೇನೂ ಕಂಡಿರಲಿಲ್ಲ.

ಪಕ್ಕದ ಮನೆಯವರನ್ನೇ ಕರೆದರಾಗದೆ ಎಂದು ನೀವು ಕೇಳಬಹುದು. ಆಗುತ್ತದೆ, ಒಂದೆರಡು ತಿಂಗಳು. ಆಮೇಲೊಂದು ದಿನ ಅವರು ತುತ್ತು ತಿಂದು, ‘ಯಾಕೋ ಸಪ್ಪೆ’ ಎಂದು ಮುಖ ಮುಖ ನೋಡುತ್ತಾರೆ. ಅಲ್ಲಿಗೆ ಅವರು ಮನೆಯವರಾದರು ಎಂದು ಅರ್ಥ. ಅಲ್ಲಿಂದ ಮುಂದೆ ಅವರು ಕಷ್ಟಸುಖಕ್ಕೆ ಆಗುತ್ತಾರೆ, ಉಪ್ಪಿಗೆ ಆಗುವುದಿಲ್ಲ. ನಮ್ಮ ಚರ್ಚಿಗೆ ಬರುವ ಸ್ವಾಮಿಗಳ ಕಥೆಯೂ ಇಷ್ಟೇ. ಬಂದ ಹೊಸದರಲ್ಲಿ ಮನೆಮನೆಗೂ ಹೋಗಿ ತುತ್ತು ತಿಂದು ತಿಂದು ಅವರ ನಿಲುವಂಗಿ ಬಿಗಿಯಾಗುತ್ತದೆ. ಮೂರು ವರ್ಷ ಕಳೆಯುವಷ್ಟರಲ್ಲಿ ಯಾರ ಮನೆಯಲ್ಲೂ ಅವರಿಂದ ಉಪ್ಪು ಹುಟ್ಟುವುದಿಲ್ಲ. ಆಗ ಮೇಲಿನವರು ಬೇರೊಬ್ಬರನ್ನು ಕಳಿಸುತ್ತಾರೆ. ಹಳಬರು ಬಸ್ಸು ಹತ್ತುವಾಗ ಊರಿಗೆ ಊರೇ ಅಳುತ್ತದೆ, ಹೊಸಬರು ಇಳಿದ ತಕ್ಷಣ ಕಣ್ಣೊರೆಸಿಕೊಂಡು ಅವರ ಕೈ ಹಿಡಿಯುತ್ತದೆ. ಮದುವೆಯಾಗಿ ಬಂದ ಸೊಸೆಯರನ್ನಂತೂ ಕೇಳಲೇಬೇಡಿ. ದರ್ಜಿ ಇನ್ನಾಸಪ್ಪನ ಸೊಸೆಯ ತುತ್ತಿಗೆ ಏಳು ವರ್ಷ ಉಪ್ಪು ಹತ್ತುತ್ತಿತ್ತು. ಅವರ ಮನೆಯ ಸಾರು ಬಲು ರುಚಿ ಎಂದು ಊರೆಲ್ಲ ಹೊಗಳುತ್ತಿದ್ದರೆ ಅತ್ತೆಗೆ ತಲೆ ಎತ್ತುವುದೇ ಕಷ್ಟವಾಗಿತ್ತು. ಇದು ತಿರುಗುಮುರುಗಾಗುವುದೂ ಉಂಟು. ಅಣ್ಣತಮ್ಮಂದಿರು ಮನಸ್ಸು ಮುರಿದುಕೊಂಡರೆ, ಒಂದೇ ಹೊಟ್ಟೆಯಲ್ಲಿ ಹುಟ್ಟಿದವನ ತುತ್ತಿಗೂ ಉಪ್ಪು ಹತ್ತತೊಡಗುತ್ತದೆ. ಅದಕ್ಕಿಂತ ಕಹಿಯಾದ ರುಚಿ ಇನ್ನೊಂದಿಲ್ಲ ಎಂದು ಉಂಡವರು ಹೇಳುತ್ತಾರೆ.

ನಮ್ಮದು ಚರ್ಚಿನ ಹಿಂದಿನ ಬೀದಿಯಲ್ಲಿ ಮೇಣದಬತ್ತಿ ಮಾಡುವ ಮನೆ. ನನ್ನ ಹೆಸರು ಸಿಸಿಲಿ. ಮದುವೆಯ ಗೊಡವೆಗೆ ಹೋದವಳಲ್ಲ. ಅಣ್ಣ ತೀರಿಕೊಂಡಾಗ ಅತ್ತಿಗೆ ತೆರೇಜಮ್ಮನ ಮಡಿಲಲ್ಲಿ ಎರಡು ವರ್ಷದ ಚೌರಿ ಇದ್ದ. ಹೆತ್ತವಳು ಅತ್ತಿಗೆ, ಸೊಂಟದ ಮೇಲೆ ಹೊತ್ತವಳು ನಾನು. ಯಾರ ಮಗ ಎಂದು ಕೇಳಿದರೆ ಅವನು ಇಬ್ಬರ ಕಡೆಗೂ ಕೈ ತೋರಿಸುತ್ತಿದ್ದ. ದೊಡ್ಡವನಾದ ಮೇಲೆ ಊಟದ ಹೊತ್ತಿಗೆ ಯಾರನ್ನಾದರೂ ಹಿಡಿದು ತರುವ ಕೆಲಸ ಅವನದೇ ಆಯಿತು. ಬಳೆ ಮಾರುವವರು, ಕೊಡೆ ರಿಪೇರಿಯವರು, ದಾರಿ ತಪ್ಪಿದವರು, ಒಮ್ಮೆ ನಮ್ಮನ್ನು ವಿಚಾರಣೆ ಮಾಡಲು ಬಂದಿದ್ದ ಸರ್ಕಾರಿ ಅಧಿಕಾರಿ. ‘ಅತ್ತೇ, ಇವತ್ತಿನ ಉಪ್ಪು ತಂದಿದೀನಿ’ ಎಂದು ಬಾಗಿಲಲ್ಲೇ ಕೂಗುತ್ತಿದ್ದ. ಬಂದವರು ಒಂದು ತುತ್ತಿಗೆಂದು ಕೂತು ಎರಡನೆಯ ಸಲ ಅನ್ನ ಬಡಿಸಿಕೊಂಡು ಏಳುತ್ತಿದ್ದರು.

ನಮ್ಮೂರಿನ ಪಕ್ಕದಲ್ಲಿ ಹೊಳೆ. ಸೇತುವೆ ಇಲ್ಲ, ಹರಿಗೋಲು ಉಂಟು. ಹರಿಗೋಲು ನಡೆಸುತ್ತಿದ್ದವನು ಮುದ್ದಯ್ಯ, ಐವತ್ತರ ಆಸುಪಾಸಿನ ಒಂಟಿ ಮನುಷ್ಯ, ಮಾತು ಕಡಿಮೆ. ಎಂಟು ಜನ ಅವನ ಮಿತಿ. ಏಳು ಜನ ಕೂತ ಮೇಲೆ ದಡದಲ್ಲಿ ನಿಂತು ಊರಿಗೆಲ್ಲ ಕೇಳುವಂತೆ, ‘ಇನ್ನೊಬ್ರಿಗೆ ಜಾಗ ಐತೆ, ಬನ್ನೀ’ ಎಂದು ಕೂಗುತ್ತಿದ್ದ. ಆ ಕೂಗು ನಮ್ಮ ಅಡುಗೆಮನೆಗೂ ಕೇಳಿಸುತ್ತಿತ್ತು. ಎಂಟನೆಯವರು ಹತ್ತಿದ ಮೇಲೆ ದೇವರೇ ಬಂದು ನಿಂತರೂ ಮುಂದಿನ ಸರದಿಗೇ ಕಾಯಬೇಕು.

ಅವತ್ತು ಸತ್ತವರ ಸಮಾಧಿಗಳ ಮೇಲೆ ಬತ್ತಿ ಹಚ್ಚುವ ದಿನ. ಆಚೆ ದಡದ ಸಣ್ಣ ಚರ್ಚಿಗೆ ಒಂದು ಪೆಟ್ಟಿಗೆ ಬತ್ತಿ ಹೋಗಬೇಕಿತ್ತು. ಮಳೆಗಾಲ ಮುಗಿದಿದ್ದರೂ ಹೊಳೆಯ ನೀರು ಇಳಿದಿರಲಿಲ್ಲ, ಗಾಳಿಯೂ ಇತ್ತು. ನಡುಹೊಳೆಯಲ್ಲಿ ಹರಿಗೋಲು ಗಿರಗಿರನೆ ತಿರುಗಿ ಮಗುಚಿಕೊಂಡಿತು. ಮುದ್ದಯ್ಯ ಒಬ್ಬೊಬ್ಬರನ್ನಾಗಿ ಎಂಟು ಜನರನ್ನು ದಡಕ್ಕೆ ಎಳೆದು ತಂದ. ಒಂಬತ್ತನೆಯವನು ಸಿಗಲಿಲ್ಲ. ಅವನು ಚೌರಿ. ಇಪ್ಪತ್ತಮೂರು ವರ್ಷ.

ಮೂರು ದಿನ ನಮ್ಮ ಬತ್ತಿಗಳು ದಡಕ್ಕೆ ಬರುತ್ತಲೇ ಇದ್ದವು. ಬೆಳ್ಳಗೆ, ಸಾಲಾಗಿ, ಯಾರೋ ಮೆರವಣಿಗೆಯಲ್ಲಿ ಹಿಡಿದು ತರುತ್ತಿದ್ದಾರೇನೋ ಎಂಬಂತೆ ತೇಲಿ ಬಂದು ಜೊಂಡಿನ ಮಧ್ಯೆ ನಿಲ್ಲುತ್ತಿದ್ದವು. ಜನ ಆಯ್ದು, ಒರೆಸಿ, ನಮ್ಮ ಜಗಲಿಯ ಮೇಲೆ ಇಟ್ಟು ಹೋಗುತ್ತಿದ್ದರು. ಅತ್ತಿಗೆ ಅವನ್ನೆಲ್ಲ ಒಂದು ಪೆಟ್ಟಿಗೆಯಲ್ಲಿ ತುಂಬಿಟ್ಟಳು. ಒಂದನ್ನೂ ಹಚ್ಚಲಿಲ್ಲ. ನಾವಿಬ್ಬರೂ ಯಾರನ್ನೂ ಊಟಕ್ಕೆ ಕರೆಯಲಿಲ್ಲ, ಸಪ್ಪೆ ಗಂಜಿ ಕುಡಿದುಕೊಂಡು ಚಳಿಗಾಲ ಕಳೆದೆವು.

ಊರಿನ ಹಿರಿಯರು ಮುದ್ದಯ್ಯನನ್ನು ಕರೆಸಿ ಕೇಳಿದರು. ‘ಎಷ್ಟು ಜನ ಹತ್ತಿದ್ರು?’ ‘ಒಂಬತ್ತು.’ ‘ಯಾವತ್ತೂ ಇಲ್ಲದ್ದು ಅವತ್ಯಾಕೆ ಹತ್ತಿಸ್ದೆ?’ ‘ತಪ್ಪಾಯ್ತು.’ ಅದರ ಮೇಲೆ ಅವನು ತುಟಿ ಬಿಚ್ಚಲಿಲ್ಲ. ಯಾರೋ ಹೋಗಿ ಹರಿಗೋಲಿನ ಚರ್ಮ ಕೊಯ್ದು ಬಂದರು. ಅವನು ಹೊಳೆಯ ದಡದ ಹುಣಸೆಮರದ ಕೆಳಗೆ ಗೋಣಿ ಹಾಸಿಕೊಂಡು ಬಿದ್ದುಕೊಂಡ. ಪ್ರತಿ ಮನೆಗೂ ಹೊರಗಿನವನಾಗಿದ್ದ ಅವನ ತುತ್ತಿಗೆ ಯಾರ ಮನೆಯಲ್ಲಾದರೂ ಉಪ್ಪು ಹತ್ತುತ್ತಿತ್ತು. ಆದರೆ ಆ ಉಪ್ಪು ಯಾರಿಗೂ ಬೇಕಿರಲಿಲ್ಲ.

ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲ ಬಂತು, ಯೇಸು ಶಿಷ್ಯರ ಕಾಲು ತೊಳೆದ ಪವಿತ್ರ ಗುರುವಾರವೂ ಬಂತು. ಸಂಜೆ ಬಿಸಿಲು ಇನ್ನೂ ಇರುವಾಗಲೇ ಸ್ವಾಮಿಗಳು ಹನ್ನೆರಡು ಜನರನ್ನು ಬೆಂಚಿನ ಮೇಲೆ ಕೂರಿಸಿ, ಮಂಡಿಯೂರಿ ಅವರ ಕಾಲು ತೊಳೆದು, ಒರೆಸಿ, ಮುತ್ತಿಟ್ಟರು. ಪೂಜೆ ಮುಗಿದು ಹೊರಗೆ ಬಂದ ಅತ್ತಿಗೆ ಮನೆಯ ದಾರಿ ಹಿಡಿಯದೆ ನಿಂತಳು.

‘ನೋಡಿದ್ಯಾ ಸಿಸಿಲಿ, ಹನ್ನೆರಡು ಜನವೂ ಮನೇಲೇ ಕಾಲು ತೊಳ್ಕೊಂಡು ಬಂದಿದ್ರು. ಸೋಪಿನ ವಾಸನೆ ನನ್ನ ತನಕ ಬರ್ತಿತ್ತು’ ಎಂದಳು.

‘ಸ್ವಾಮಿಗಳ ಮುಂದೆ ಕೊಳೆ ಕಾಲು ಚಾಚೋಕಾಗುತ್ತಾ?’ ಎಂದೆ ನಾನು.

‘ಕೊಳೆ ಕಾಲು ಎಲ್ಲೈತೆ ಅಂತ ನನಗೆ ಗೊತ್ತು’ ಎಂದವಳೇ ಹೊಳೆಯ ಕಡೆಗೆ ನಡೆದಳು. ಅರ್ಧ ಗಂಟೆಯಲ್ಲಿ ಮುದ್ದಯ್ಯನನ್ನು ಮುಂದೆ ಬಿಟ್ಟುಕೊಂಡು ಬಂದಳು, ತಪ್ಪಿಸಿಕೊಂಡ ಹಸುವನ್ನು ಹೊಡೆದುಕೊಂಡು ಬರುವವರ ಹಾಗೆ. ಜಗಲಿಯ ಮೇಲೆ ಕೂರಿಸಿ, ಹಿತ್ತಾಳೆ ಚೊಂಬಿನಲ್ಲಿ ನೀರು ತಂದು, ಕೆಸರು ಗಟ್ಟಿಯಾಗಿ ಬಿರಿದಿದ್ದ ಅವನ ಕಾಲನ್ನು ಉಜ್ಜಿ ಉಜ್ಜಿ ತೊಳೆದಳು. ಅವನು ಕಂಬವನ್ನು ಹಿಡಿದುಕೊಂಡು, ‘ಬ್ಯಾಡ ಅವ್ವ, ಬ್ಯಾಡ’ ಎನ್ನುತ್ತಿದ್ದ. ‘ನಿನ್ನ ದೇವರು ಯಾರೋ ನಾನು ಕೇಳಲ್ಲ, ನಮ್ಮ ದೇವರು ಮಾತ್ರ ಇದನ್ನ ಮಾಡು ಅಂತಾನೆ. ಸುಮ್ನೆ ಕೂತ್ಕೊ’ ಎಂದಳು ಅತ್ತಿಗೆ. ಆಮೇಲೆ ಎಲೆ ಹಾಕಿ ಬಡಿಸಿದಳು. ಅವನು ತುತ್ತೆತ್ತಿದ. ಸಾರಿಗೆ ಉಪ್ಪು ಬಂತು. ಐದು ತಿಂಗಳ ಮೇಲೆ ನನ್ನ ನಾಲಗೆಗೆ ಉಪ್ಪು ತಾಗಿತು. ನಾನು ಎದ್ದು ಹಿತ್ತಲಿಗೆ ಹೋಗಿ ಉಗುಳಿ ಬಂದೆ.

ಮುದ್ದಯ್ಯ ನಮ್ಮ ಮನೆಯಲ್ಲೇ ಉಳಿದ. ಹೊರಗಿನ ಕೋಣೆಯಲ್ಲಿ ಮಲಗುತ್ತಿದ್ದ, ಮೇಣ ಕಾಯಿಸುತ್ತಿದ್ದ, ಬತ್ತಿಯ ನೂಲನ್ನು ಅಂಬಿಗರ ಗಂಟು ಹಾಕಿ ಕಟ್ಟುತ್ತಿದ್ದ. ಸಂಜೆ ನಾವು ಜಪಸರ ಹೇಳುವಾಗ ಬಾಗಿಲ ಪಕ್ಕ ಕೈಕಟ್ಟಿಕೊಂಡು ಕೂರುತ್ತಿದ್ದ. ಬೇರೆ ಮನೆಗಳಲ್ಲಾದರೆ ಹೀಗೆ ಬಂದು ನಿಂತವರು ಆರು ತಿಂಗಳಲ್ಲಿ ಮನೆಯವರಾಗುತ್ತಾರೆ, ತಡವಾದರೆ ಒಂದು ವರ್ಷ. ನಮ್ಮಲ್ಲಿ ಒಂದು ವರ್ಷವಾಯಿತು, ಎರಡಾಯಿತು, ನಾಲ್ಕಾಯಿತು. ದಿನಾ ಮಧ್ಯಾಹ್ನ ಅವನು ತುತ್ತು ತಿನ್ನುತ್ತಿದ್ದ, ದಿನಾ ಸಾರಿಗೆ ಉಪ್ಪು ಹತ್ತುತ್ತಿತ್ತು. ‘ತೆರೇಜಮ್ಮನಿಗೇನು, ಮನೇಲೇ ಉಪ್ಪಿನ ಮೂಟೆ ಇಟ್ಕೊಂಡವ್ಳೆ’ ಎಂದು ಕೆಲವರು ನಗುತ್ತಿದ್ದರು. ನಗದವರು, ‘ಹೆತ್ತ ಹೊಟ್ಟೆ ಅಲ್ವಾ, ಕ್ಷಮಿಸೋದು ಕಾಲು ತೊಳೆದಷ್ಟು ಸಲೀಸಾ?’ ಎನ್ನುತ್ತಿದ್ದರು. ಅತ್ತಿಗೆಯೂ ಹಾಗೆಯೇ ನಂಬಿದ್ದಳು. ಸಾರು ಬಾಯಿಗಿಟ್ಟ ಕೂಡಲೇ ಅವಳ ಕಣ್ಣು ಎಲೆಗೆ ಇಳಿಯುತ್ತಿತ್ತು. ವಾರವಾರವೂ ಪಾಪನಿವೇದನೆಗೆ ಹೋಗುತ್ತಿದ್ದಳು. ‘ನನ್ನೊಳಗೆ ಎಲ್ಲೋ ಒಂದು ಮುಳ್ಳೈತೆ ಸ್ವಾಮಿ, ಹುಡುಕಿದ್ರೆ ಸಿಗ್ತಿಲ್ಲ’ ಎಂದು ಅವಳು ಹೇಳುವುದು ಪರದೆಯ ಆಚೆ ಸರದಿಗೆ ನಿಂತ ನನಗೂ ಕೇಳಿಸುತ್ತಿತ್ತು.

ಮುಳ್ಳು ಅವಳೊಳಗೆ ಇರಲಿಲ್ಲ. ಅದು ಎಲ್ಲಿದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಈಗ ನಿಮಗೂ ಹೇಳಿಬಿಡುತ್ತೇನೆ. ಅವತ್ತು ಎಂಟು ಜನ ಆಗಲೇ ಹರಿಗೋಲಿನಲ್ಲಿ ಕೂತಿದ್ದರು. ಮುದ್ದಯ್ಯ ದಡದ ಮೇಲೆ ಹುಣಸೆಮರದ ಹಿಂದೆ ಬಗ್ಗಿ, ಬೇರಿಗೆ ಕಟ್ಟಿದ್ದ ಹಗ್ಗ ಬಿಚ್ಚುತ್ತಿದ್ದ. ಚೌರಿ ಪೆಟ್ಟಿಗೆ ಹೊತ್ತುಕೊಂಡು ಇನ್ನೂ ಹಿಂದೆ ಬರುತ್ತಿದ್ದ. ನಾನು ಮುಂದೆ ಓಡಿ ಹೋಗಿ ಮುದ್ದಯ್ಯನ ತೋಳು ಹಿಡಿದುಕೊಂಡೆ. ಚೌರಿಯನ್ನೂ ಹತ್ತಿಸಿಕೋ ಎಂದೆ. ಮುಂದಿನ ಸರದಿಗೆ ಬರಲಿ ಎಂದ. ‘ಕತ್ತಲಾದ ಮೇಲೆ ಬತ್ತಿ ತಲುಪಿದ್ರೆ ನಮ್ಮ ಮರ್ಯಾದೆ ಏನಾಗ್ಬೇಕು? ಎಂಟು ಜನಕ್ಕೆ ನಮ್ಮ ಹುಡುಗನೊಬ್ಬ ಭಾರವಾ? ಹತ್ತಿಸ್ಕೊಳ್ಳಯ್ಯ’ ಎಂದೆ. ಅವನು ಹೊಳೆ ನೋಡಿದ, ಗಾಳಿ ನೋಡಿದ, ನನ್ನ ಮುಖ ನೋಡಿದ. ಹತ್ತಿಸಿಕೊಂಡ. ಮರದ ಹಿಂದೆ ಆದ ಮಾತು ಬೇರೆ ಯಾರಿಗೂ ಕೇಳಿಸಲಿಲ್ಲ. ಹಿರಿಯರು ಯಾಕೆ ಹತ್ತಿಸಿದೆ ಎಂದು ಕೇಳುವಾಗ ನಾನು ಹೆಂಗಸರ ಗುಂಪಿನಲ್ಲೇ ನಿಂತಿದ್ದೆ. ಅವನು ನನ್ನ ಕಡೆ ಒಂದು ಸಲವೂ ತಿರುಗಲಿಲ್ಲ.

ನಿಜ ಹೇಳುತ್ತೇನೆ, ಅದಕ್ಕೇ ಅವನನ್ನು ಕಂಡರೆ ನನಗಾಗುತ್ತಿರಲಿಲ್ಲ. ಅವನು ನನ್ನ ಹೆಸರು ಹೇಳಿಬಿಟ್ಟಿದ್ದರೆ ಜಗಳವಾಡಬಹುದಿತ್ತು, ಸುಳ್ಳುಗಾರ ಎನ್ನಬಹುದಿತ್ತು. ಅವನ ಬಾಯಿಯ ಬೀಗ ನನ್ನ ಕುತ್ತಿಗೆಗೆ ಕಟ್ಟಿದಂತಿತ್ತು. ಅವನು ತುತ್ತೆತ್ತುವಾಗಲೆಲ್ಲ ನನ್ನ ಎದೆ ಬಾಗಿಲು ಹಾಕಿಕೊಳ್ಳುತ್ತಿತ್ತು, ಸಾರಿಗೆ ಉಪ್ಪು ಹತ್ತುತ್ತಿತ್ತು. ಮನೆಯವರಲ್ಲಿ ಒಬ್ಬರೇ ಹೊರಗಿಟ್ಟರೂ, ಬಂದವರು ಹೊರಗಿನವರೇ.

ಈ ವರ್ಷ ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರದಿಂದ ಅತ್ತಿಗೆ, ಪೂಜೆಯಲ್ಲಿ ದೇವರ ದೇಹವೆಂದು ಕೊಡುವ ಸತ್ಪ್ರಸಾದಕ್ಕೆ ಹೋಗುವುದನ್ನು ನಿಲ್ಲಿಸಿದಳು. ಎಲ್ಲರೂ ಎದ್ದು ಸಾಲಾಗಿ ಮುಂದೆ ಹೋಗುವಾಗ ಅವಳು ಬೆಂಚಿನಲ್ಲೇ ಕೂತಿರುತ್ತಿದ್ದಳು. ಸ್ವಾಮಿಗಳು ಮನೆಗೇ ಬಂದು ಹೇಳಿದರೂ ಕೇಳಲಿಲ್ಲ. ‘ಮನೇಲಿ ಕೂತಿರೋನ್ನ ಒಳಗೆ ಬಿಟ್ಕೊಳ್ಳೋಕಾಗದೋಳು ಅಲ್ಲಿ ಹೋಗಿ ಯಾವ ಬಾಯಲ್ಲಿ ದೇವರನ್ನ ಒಳಗೆ ಕರೀಲಿ ಸ್ವಾಮಿ?’ ಎಂದಳು. ಊಟವೂ ಎರಡು ತುತ್ತಿಗೆ ಇಳಿಯಿತು. ಕೈಬಳೆ ಮೊಣಕೈ ತನಕ ಜಾರುವಷ್ಟು ಸೊರಗಿದಳು. ಈಸ್ಟರಿಗೆ ಒಂದು ವಾರ ಮುಂಚೆ ಬರುವ ಗರಿಗಳ ಭಾನುವಾರದ ಹಿಂದಿನ ದಿನ ನಾನೂ ಮುದ್ದಯ್ಯನೂ ಕರಗಿದ ಮೇಣದಲ್ಲಿ ನೂಲು ಅದ್ದುತ್ತಿದ್ದೆವು. ಅವನು ತಲೆ ಎತ್ತದೆ, ‘ನಾಳೆ ಊಟ ಆದ್ಮೇಲೆ ಹೊರಟೋಗ್ತೀನಿ ಸಿಸಿಲವ್ವ’ ಎಂದ.

‘ಎಲ್ಲಿಗೆ?’

‘ಹೊಳೆ ಹಿಡ್ಕೊಂಡು ಕೆಳಗೆ. ನಾನು ತಿನ್ನೋ ತುತ್ತು ಅವ್ವನ್ನ ತಿಂತಾ ಐತೆ. ನಾನಿಲ್ದಿದ್ರೆ ಅವ್ರು ಮೊದಲಿನಂಗೆ ಗುಡಿಗೆ ಹೋಗ್ತಾರೆ.’

ನೂಲು ನನ್ನ ಕೈಯಿಂದ ಜಾರಿ ಮೇಣದೊಳಗೆ ಮುಳುಗಿತು. ನಾಲ್ಕು ವರ್ಷ ಗಂಟಲಲ್ಲಿ ಕೂತಿದ್ದ ಮಾತು ತಾನಾಗಿ ಬಂತು. ‘ಯಾಕೆ ಹೇಳ್ಲಿಲ್ಲ ಮುದ್ದಯ್ಯ? ಅವತ್ತು ಹಿರಿಯರು ಕೇಳ್ದಾಗ, ಸಿಸಿಲಿ ಹೇಳಿದ್ಲು ಅಂತ ಯಾಕೆ ಹೇಳ್ಲಿಲ್ಲ?’

ಅವನು ಮುಳುಗಿದ ನೂಲನ್ನು ಕಡ್ಡಿಯಿಂದ ಎತ್ತಿ, ನೇರ ಮಾಡಿ, ಗೂಟಕ್ಕೆ ತೂಗುಹಾಕಿದ. ‘ಹರಿಗೋಲು ನಂದು, ಹುಟ್ಟು ನಂದು. ಆಗಲ್ಲ ಅನ್ನಬೇಕಾಗಿದ್ದ ಬಾಯೂ ನಂದೇ ಅಲ್ವಾ’ ಎಂದ. ಇನ್ನೊಂದು ನೂಲು ಅದ್ದುತ್ತಾ, ‘ನೀವೂ ಅದೇ ಮನೇಲಿ ಬದುಕಬೇಕಲ್ಲವ್ವ’ ಎಂದ.

ಮರುದಿನ ಚರ್ಚಿನಲ್ಲಿ ಗರಿ ಹಿಡಿದುಕೊಂಡು ನಿಂತಿದ್ದೆನೇ ಹೊರತು ಒಂದು ಪ್ರಾರ್ಥನೆಯೂ ನನ್ನ ಕಿವಿಗೆ ಬೀಳಲಿಲ್ಲ. ಎಲ್ಲರೂ ಮುಂದೆ ಹೋದರು. ಅತ್ತಿಗೆ ಬೆಂಚಿನಲ್ಲಿ ಕೂತಿದ್ದಳು. ಅವತ್ತು ನಾನೂ ಏಳಲಿಲ್ಲ. ಅವಳು ನನ್ನ ಕಡೆ ತಿರುಗಿ ನೋಡಿದಳು. ಮನೆಗೆ ಬಂದು ಅವಳು ಒಲೆಯ ಮುಂದೆ ಕೂತು ಹುರುಳಿಸಾರು ಕುದಿಸುವಾಗ ನಾನು ಪಕ್ಕದಲ್ಲಿ ನೆಲದ ಮೇಲೆ ಕೂತೆ. ಹುಣಸೆಮರ, ಹಗ್ಗ, ಹಿಡಿದ ತೋಳು, ಆಡಿದ ಮಾತು ಎಲ್ಲವನ್ನೂ ಹೇಳಿದೆ. ಹೇಳುವಾಗ ನನ್ನ ದನಿ ನನಗೇ ಬೇರೆ ಯಾರದ್ದೋ ಎನ್ನಿಸುತ್ತಿತ್ತು.

ಅತ್ತಿಗೆ ಸೌಟು ತಿರುಗಿಸುವುದನ್ನು ನಿಲ್ಲಿಸಿದಳು. ಸಾರು ಉಕ್ಕಿ ಬೆಂಕಿಯ ಮೇಲೆ ಚುಂಯ್ ಎಂದಿತು. ‘ನಾಕು ವರ್ಷ’ ಎಂದಳು. ‘ನಾಕು ವರ್ಷ ನಾನು ನನ್ನ ಹೊಟ್ಟೇನೇ ಬೈಕೊಂಡೆ ಕಣೇ ಸಿಸಿಲಿ.’

ಅವಳು ಎದ್ದು ಒಳಕೋಣೆಗೆ ಹೋಗಿ ಬಾಗಿಲು ಮುಂದಕ್ಕೆ ಮಾಡಿಕೊಂಡಳು. ಪೆಟ್ಟಿಗೆಯ ಮುಚ್ಚಳ ತೆಗೆದ ಸದ್ದಾಯಿತು. ಮುದ್ದಯ್ಯ ಬಟ್ಟೆಗಂಟನ್ನು ಜಗಲಿಯ ಮೇಲಿಟ್ಟು ಅಂಗಳ ಗುಡಿಸುತ್ತಿದ್ದ. ಹೊರಡುವ ದಿನವೂ ಗುಡಿಸದೆ ಇರಲಾರದ ಮನುಷ್ಯ. ಬಿಸಿಲು ಅಡುಗೆಮನೆಯ ಕಿಟಕಿಯಿಂದ ಇಳಿದು ನೆಲದ ಮೇಲೆ ಒಂದು ಮಾರು ಸರಿಯಿತು. ಅಷ್ಟು ಹೊತ್ತೂ ನನ್ನ ತಲೆಯಲ್ಲಿ ಒಂದೇ ಯೋಚನೆ. ಇನ್ನು ನನ್ನ ತುತ್ತಿಗೂ ಉಪ್ಪು ಹತ್ತುತ್ತದೆ. ಹುಟ್ಟಿದ ಮನೆಯಲ್ಲಿ ನಾನು ಹೊರಗಿನವಳಾಗುತ್ತೇನೆ.

ಅತ್ತಿಗೆ ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು. ಕೈಯಲ್ಲಿ ಹೊಳೆಯಿಂದ ಬಂದ ಬತ್ತಿಗಳಲ್ಲಿ ಒಂದು ಇತ್ತು. ಒಲೆಯಿಂದ ಕೊಳ್ಳಿ ತೆಗೆದು ಹಚ್ಚಿ, ಗೋಡೆಯ ಶಿಲುಬೆಯ ಕೆಳಗೆ ನಿಲ್ಲಿಸಿದಳು. ಹಿಂದೆ ಹೊಳೆಯ ನೀರು ಕುಡಿದಿದ್ದ ನೂಲು ಚಿಟಿಚಿಟಿ ಎಂದಿತು, ಆಮೇಲೆ ಉರಿಯಿತು.

‘ಎಲೆ ಹಾಕು’ ಎಂದಳು.

‘ಎಷ್ಟು?’ ಎಂದು ಕೇಳಿದೆ.

‘ಮೂರು ಜನ ಇದೀವಲ್ಲ’ ಎಂದಳು.

ಮೂವರೂ ಕೂತೆವು. ಮುದ್ದಯ್ಯನಿಗೆ ಮನೆಯೊಳಗೆ ಏನು ನಡೆದಿದೆ ಎಂದು ಗೊತ್ತಿರಲಿಲ್ಲ, ಆದರೆ ಉರಿಯುತ್ತಿದ್ದ ಬತ್ತಿಯನ್ನು ಗುರುತು ಹಿಡಿದ. ಅನ್ನಕ್ಕೆ ಸಾರು ಕಲಸಿಕೊಂಡು, ಎಂದಿನಂತೆ ಮೊದಲ ತುತ್ತು ಬಾಯಿಗಿಟ್ಟ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಬಿಸಿಲಿಗೆ ಸುಟ್ಟ ಕೆನ್ನೆ, ನರೆತ ಮೀಸೆ, ಎಂಟು ಜನರನ್ನು ಎಳೆದ ತೋಳು. ಇವನು ಹೊರಟುಹೋಗುವುದು ಬೇಡ ಎನ್ನಿಸಿತು. ಇಷ್ಟು ವರ್ಷದಲ್ಲಿ ಇವನನ್ನು ನಾನು ಒಮ್ಮೆಯೂ ಹೀಗೆ ನೋಡಿರಲಿಲ್ಲ.

ಅವನು ಅಗಿಯುವುದನ್ನು ನಿಲ್ಲಿಸಿದ. ಇನ್ನೊಂದು ತುತ್ತು ತಿಂದ. ತಪ್ಪು ಮಾಡಿದವನಂತೆ ಅತ್ತಿಗೆಯ ಕಡೆ ನೋಡಿದ. ‘ಅವ್ವ, ಉಪ್ಪಿಲ್ಲ.’

ಅತ್ತಿಗೆ ನನ್ನ ಕಡೆ ತಿರುಗಿದಳು. ‘ಸಿಸಿಲಿ, ನೀನು ತಿನ್ನು’ ಎಂದಳು.

ಆ ತುತ್ತು ಎತ್ತುವಷ್ಟರಲ್ಲಿ ನನ್ನ ಕೈ ಎರಡು ಸಲ ಎಲೆಗೆ ವಾಪಸು ಬಂತು. ಕಣ್ಣು ಮುಚ್ಚಿಕೊಂಡು ಬಾಯಿಗೆ ಹಾಕಿಕೊಂಡೆ. ಹುರುಳಿಯ ವಾಸನೆ ಬಂತು, ಬೆಳ್ಳುಳ್ಳಿ ಬಂತು, ಒಗ್ಗರಣೆ ಬಂತು. ಉಪ್ಪು ಬರಲಿಲ್ಲ. ಕಾದೆ. ಆಗಲೂ ಬರಲಿಲ್ಲ. ನನ್ನ ಕಣ್ಣೀರು ತುಟಿಗೆ ಇಳಿದಾಗ ಸಿಕ್ಕಿದ್ದೇ ಅವತ್ತಿನ ಊಟದ ಉಪ್ಪು.

ಕೊನೆಗೆ ಅತ್ತಿಗೆ ತಿಂದಳು. ನಿಧಾನಕ್ಕೆ ನುಂಗಿದಳು. ‘ಸಪ್ಪೆ’ ಎಂದಳು. ಆ ಮಾತು ಕೇಳಿ ನಾಲ್ಕು ವರ್ಷವಾಗಿತ್ತು. ‘ಶುದ್ಧ ಸಪ್ಪೆ’ ಎಂದು ಇನ್ನೊಮ್ಮೆ ಹೇಳಿ ನಗತೊಡಗಿದಳು, ನಗುನಗುತ್ತಲೇ ಎರಡನೆಯ ತುತ್ತು, ಮೂರನೆಯ ತುತ್ತು ತಿಂದಳು. ಮುದ್ದಯ್ಯ ಎಡಗೈಯಲ್ಲಿ ಮುಖ ಮುಚ್ಚಿಕೊಂಡ.

ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ‘ಇನ್ನೇನು, ಮನೆಯವ್ರೇ ಮೂರು ಜನ ಕೂತ್ಕೊಂಡು ಸಪ್ಪೆ ಉಣ್ಣೋದಾ? ಮುದ್ದಯ್ಯ, ಏಳಪ್ಪ. ಬೀದೀಲಿ ಯಾರಾದ್ರೂ ಹೊಸಬರಿದ್ದಾರಾ ನೋಡಿ ಕರ್ಕೊಂಡು ಬಾ’ ಎಂದಳು.

ಅದು ಚೌರಿಯ ಕೆಲಸವಾಗಿತ್ತು. ಮುದ್ದಯ್ಯನಿಗೂ ಅದು ಗೊತ್ತಿತ್ತು. ಅವನು ಕೈ ತೊಳೆದು, ಜಗಲಿಯ ಮೇಲಿದ್ದ ತನ್ನ ಬಟ್ಟೆಗಂಟನ್ನು ಎತ್ತಿ ಒಳಕೋಣೆಯೊಳಗಿಟ್ಟು, ಹೊಸ್ತಿಲ ಮೇಲೆ ನಿಂತ. ಬೀದಿ ತುಂಬ ಮಧ್ಯಾಹ್ನದ ಬಿಸಿಲು. ಬಸ್ಸು ಆಗತಾನೆ ಬಂದು ಹೋದ ಧೂಳು ಇನ್ನೂ ಗಾಳಿಯಲ್ಲಿತ್ತು, ಅದರೊಳಗಿನಿಂದ ಯಾರೋ ಚೀಲವನ್ನು ಎದೆಗೆ ಅವುಚಿಕೊಂಡು ಬರುತ್ತಿದ್ದರು. ಮುದ್ದಯ್ಯ ಎರಡು ಸಲ ಬಾಯಿ ತೆರೆದು ಮುಚ್ಚಿದ. ಆಮೇಲೆ ಎರಡೂ ಕೈಯನ್ನು ಬಾಯಿಯ ಸುತ್ತ ಹಿಡಿದು, ಹೊಳೆಯ ಆಚೆ ದಡಕ್ಕೂ ಕೇಳಿಸುವಂತೆ ಕೂಗಿದ.

‘ಇನ್ನೊಬ್ರಿಗೆ ಜಾಗ ಐತೆ, ಬನ್ನೀ.’